ಕಿವಿಯಿಂದ ಬಂದವು, ಕಣ್ಣಿನಿಂದ ಬಂದವು: ಸ್ಪ್ಯಾನಿಷಿನಲ್ಲಿ ನೆಲೆಸಿದ ಇಂಗ್ಲಿಷ್ ಪದಗಳು

ಸ್ಪ್ಯಾನಿಷ್ ನುಡಿಯಲ್ಲಿ ನಾಲ್ಕು ದಿಕ್ಕುಗಳ ಹೆಸರು ನೋರ್ತೆ, ಸುರ್, ಎಸ್ತೆ, ಓಎಸ್ತೆ. ನಾಲ್ಕರ ಬೇರೂ ಹಳೆಯ ಇಂಗ್ಲಿಷಿನದು. ಮಧ್ಯಯುಗದಲ್ಲಿ ಉತ್ತರದ ಕಡಲುಗಳ ನಾವಿಕರಿಂದ ಫ್ರೆಂಚರು ಇವನ್ನು ಕಲಿತರು, ಫ್ರೆಂಚರಿಂದ ಸ್ಪೇನಿನವರು ಕಲಿತರು. ಸೂರ್ಯ ಹುಟ್ಟುವ ಕಡೆ, ಮುಳುಗುವ ಕಡೆ ಎಂಬ ಅರ್ಥದ ಲ್ಯಾಟಿನ್ ಮೂಲದ ಪದಗಳು ಸ್ಪ್ಯಾನಿಷಿನಲ್ಲಿ ಮೊದಲೇ ಇದ್ದವು, ಈಗಲೂ ಇವೆ. ಆದರೂ ಹಡಗಿನ ಮೇಲೆ ಕೂಗಿ ಹೇಳಲು ಒದಗುವ ಚುಟುಕು ಹೆಸರುಗಳೇ ಗೆದ್ದವು. ಇವು ಹೊರಗಿನಿಂದ ಬಂದ ಪದಗಳೆಂದು ಇಂದು ಸ್ಪ್ಯಾನಿಷ್ ಆಡುವ ಸುಮಾರು 50 ಕೋಟಿ ಜನರಲ್ಲಿ ಹೆಚ್ಚಿನವರಿಗೆ ಅನಿಸುವುದೂ ಇಲ್ಲ. ಪರಭಾಷೆಯ ಪದವೊಂದು ಪೂರ್ತಿ ಮನೆಯವನಾಗುವುದೆಂದರೆ ಇದೇ.

ಇದಾದ ಮೇಲೆ ಕೆಲವು ಶತಮಾನ ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಬಂದದ್ದು ಬಹಳ ಕಡಿಮೆ. ಸ್ಪೇನ್ ದೊಡ್ಡ ಸಾಮ್ರಾಜ್ಯವಾಗಿದ್ದ ಕಾಲದಲ್ಲಿ ಇಂಗ್ಲೆಂಡಿನಿಂದ ಅದು ಎರವಲು ಪಡೆಯುವಂಥದ್ದು ಹೆಚ್ಚೇನೂ ಇರಲಿಲ್ಲ. 18 ಮತ್ತು 19ನೆಯ ಶತಮಾನಗಳಲ್ಲಿ ಗಾಳಿ ತಿರುಗಿತು. ಉಗಿಯಂತ್ರ, ರೈಲು, ಬ್ಯಾಂಕು, ಸಂಸತ್ತಿನ ರಾಜಕೀಯ, ಮೈದಾನದ ಆಟಗಳು, ಎಲ್ಲವೂ ಬ್ರಿಟನ್ನಿನಿಂದ ಹೊರಟವು. ಅವುಗಳ ಜೊತೆಗೆ ಹೆಸರುಗಳೂ ಹೊರಟವು. ತೂನೆಲ್ ಎಂದರೆ ಸುರಂಗ, ವಗೋನ್ ಎಂದರೆ ರೈಲಿನ ಡಬ್ಬಿ, ತ್ರನ್ವೀಯಾ ಎಂದರೆ ಟ್ರಾಮು, ಚೆಕೆ ಎಂದರೆ ಬ್ಯಾಂಕಿನ ಚೆಕ್ಕು, ಬಿಸ್ತೆಕ್ ಎಂದರೆ ದನದ ಮಾಂಸದ ಹುರಿದ ತುಂಡು. ಮೀಟಿಂಗು ಮೀತಿನ್ ಆಯಿತು, ಲೀಡರು ಲೀದೆರ್ ಆದ. ಮೀತಿನ್ ಪದದ ಅರ್ಥ ಕಿರಿದಾಗಿ ರಾಜಕೀಯ ಬಹಿರಂಗ ಸಭೆ ಎಂಬಷ್ಟಕ್ಕೇ ನಿಂತದ್ದು ಗಮನಿಸಬೇಕಾದ ಸಂಗತಿ. ಕಚೇರಿಯ ಕೋಣೆಯಲ್ಲಿ ನಾಲ್ಕು ಜನ ಕೂತು ಮಾತಾಡಿದರೆ ಅದು ಮೀತಿನ್ ಅಲ್ಲ. ಅದಕ್ಕೆ ಸ್ಪ್ಯಾನಿಷಿನ ಸ್ವಂತ ಪದವೇ ಇದೆ. ಎರವಲು ತಂದ ಪದ ತನ್ನ ಮೂಲದ ಅರ್ಥವನ್ನೆಲ್ಲ ಹೊತ್ತು ತರುವುದಿಲ್ಲ. ತಂದವರಿಗೆ ಎಷ್ಟು ಬೇಕೋ ಅಷ್ಟನ್ನೇ ತರುತ್ತದೆ.

ಈ ಪದಗಳಲ್ಲಿ ಬಹಳಷ್ಟು ನೇರ ಲಂಡನ್ನಿನಿಂದ ಬಂದವಲ್ಲ. 20ನೆಯ ಶತಮಾನದ ನಡುವಿನ ತನಕವೂ ಸ್ಪೇನಿನ ಓದಿದವರಿಗೆ ಮೊದಲ ಪರಭಾಷೆ ಫ್ರೆಂಚಾಗಿತ್ತು. ಇಂಗ್ಲಿಷಿನ ಸಂಗತಿಗಳು ಪ್ಯಾರಿಸ್ಸಿನ ಪತ್ರಿಕೆ, ಪುಸ್ತಕಗಳ ಮೂಲಕ ತಲುಪುತ್ತಿದ್ದವು. ಸಂಜೆಯ ಔತಣಕ್ಕೆ ತೊಡುವ ಕಪ್ಪು ಕೋಟಿಗೆ ಸ್ಪ್ಯಾನಿಷಿನಲ್ಲಿ ಎಸ್ಮೋಕಿನ್ ಎನ್ನುತ್ತಾರೆ. ಅದು ಇಂಗ್ಲಿಷಿನ ಸ್ಮೋಕಿಂಗ್ ಜಾಕೆಟ್ ಎಂಬ ಜೋಡಿಪದದ ಮೊದಲರ್ಧ. ಇಂದಿನ ಇಂಗ್ಲಿಷರಿಗೆ ಆ ಅರ್ಥದಲ್ಲಿ ಅದು ತಿಳಿಯುವುದೇ ಇಲ್ಲ. ಹಗುರವಾಗಿ ಓಡುವ ವ್ಯಾಯಾಮಕ್ಕೆ ಸ್ಪೇನಿನಲ್ಲಿ ಬಹುಕಾಲ ಫೂಟಿಂಗ್ ಎನ್ನುತ್ತಿದ್ದರು. ಅದನ್ನು ಆ ಅರ್ಥಕ್ಕೆ ಒಗ್ಗಿಸಿದವರೂ ಫ್ರೆಂಚರೇ.

ಇದೇ ಕಾಲದಲ್ಲಿ ಭಾರತದ ಪದಗಳೂ ಇಂಗ್ಲಿಷಿನ ಬೆನ್ನೇರಿ ಸ್ಪ್ಯಾನಿಷಿಗೆ ಹೋದವು. ತಲೆಗೆ ಹಚ್ಚುವ ಚಂಪೂ ಹಿಂದಿಯ ಚಾಂಪ್‌ನಾ, ಅಂದರೆ ಅಮುಕು, ನೀವು ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಕಾಕಿ ಬಣ್ಣ, ಪೈಜಾಮ, ಬಂಗಲೆಯಿಂದ ಬಂದ ಬುಂಗಲೋ, ಬಂಗಾಳದ ಸೆಣಬಿನ ಹೆಸರಾದ ಯೂತೆ, ಇವೆಲ್ಲ ಅದೇ ದಾರಿಯ ಪಯಣಿಗರು. ತಮಿಳಿನ ಕಟ್ಟುಮರಂ ಇಂಗ್ಲಿಷಿನ ಮೂಲಕ ಸಾಗಿ ಕತಮರಾನ್ ಆಗಿದೆ, ಕರಿ ಎಂಬುದು ಕುರ್ರಿ ಆಗಿದೆ. ಸ್ಪೇನಿನ ಕಡಲತೀರದಲ್ಲಿ ಜೋಡಿ ದೋಣಿಯನ್ನು ಬಾಡಿಗೆಗೆ ಪಡೆಯುವಾತ ತನಗೆ ತಿಳಿಯದೆಯೇ ಒಂದು ದ್ರಾವಿಡ ಪದವನ್ನು ಆಡುತ್ತಾನೆ.

ಪೈಜಾಮದ ಪ್ರಸಂಗವನ್ನು ಕೊಂಚ ಬಿಡಿಸಿ ನೋಡಬೇಕು. ಸ್ಪೇನಿನಲ್ಲಿ ಅದು ಪಿಹಾಮಾ. ಮೆಕ್ಸಿಕೊ ಸೇರಿದಂತೆ ಅಮೆರಿಕ ಖಂಡದ ಹಲವು ನಾಡುಗಳಲ್ಲಿ ಪಿಯಾಮಾ. ಇಂಗ್ಲಿಷಿನ ‘ಜೆ’ ಅಕ್ಷರಕ್ಕೆ ಸ್ಪ್ಯಾನಿಷಿನಲ್ಲಿ ಗಂಟಲಿನಿಂದ ಹೊರಡುವ, ಹಕಾರಕ್ಕೆ ಹತ್ತಿರದ ಉಚ್ಚಾರವಿದೆ. ಸ್ಪೇನಿನವರು ಬರಹದಲ್ಲಿ ಪದವನ್ನು ಕಂಡು ತಮ್ಮ ರೂಢಿಯಂತೆ ಓದಿಕೊಂಡರು. ಅಮೆರಿಕದವರು ಕೇಳಿದಂತೆ ಹೇಳಿದರು. ಒಂದು ಕಣ್ಣಿನಿಂದ ಬಂದ ಪದ, ಇನ್ನೊಂದು ಕಿವಿಯಿಂದ ಬಂದ ಪದ. ಸ್ಪ್ಯಾನಿಷಿನ ಇಂಗ್ಲಿಷ್ ಪದಗಳ ಚರಿತ್ರೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕೀಲಿ ಸಿಗುವುದು ಕಷ್ಟ. ನೀರ್ಗಲ್ಲಿನ ಬೆಟ್ಟಕ್ಕೆ ಸ್ಪೇನಿನಲ್ಲಿ ಅಕ್ಷರಕ್ಕೆ ಅಕ್ಷರ ಓದಿ ಇಸೆಬೆರ್ಗ್ ಎಂಬಂತೆ ಹೇಳುತ್ತಾರೆ, ಅಮೆರಿಕದಲ್ಲಿ ಐಸ್ಬೆರ್ಗ್ ಎನ್ನುತ್ತಾರೆ. ವೈಫೈ ಸ್ಪೇನಿನಲ್ಲಿ ಗ್ವೀಫಿ, ಅಮೆರಿಕದ ಹಲವೆಡೆ ಗ್ವೈಫೈ. ತೂನೆಲ್ ಕೂಡ ಕಣ್ಣಿನ ಪದವೇ. ಇಂಗ್ಲಿಷರ ಬಾಯಿಂದ ಕೇಳಿದ್ದರೆ ಅದರ ಮೊದಲ ಸ್ವರ ಊಕಾರ ಆಗುತ್ತಿರಲಿಲ್ಲ.

ಕಿವಿಯ ಪದಗಳು ಹುಟ್ಟಿದ್ದು ಗಣಿ, ಬಂದರು, ಕಾರ್ಖಾನೆ, ಮೈದಾನಗಳಲ್ಲಿ. 1873ರಲ್ಲಿ ದಕ್ಷಿಣ ಸ್ಪೇನಿನ ರಿಯೊ ತಿಂತೊ ತಾಮ್ರದ ಗಣಿಗಳನ್ನು ಬ್ರಿಟಿಷರು ಕೊಂಡರು. ಆ ಸೀಮೆಯ ಉಯೆಲ್ವಾ ಪಟ್ಟಣದಲ್ಲಿ 1889ರಲ್ಲಿ ಹುಟ್ಟಿದ ರೆಕ್ರೆಯತೀವೊ ಸ್ಪೇನಿನ ಅತ್ಯಂತ ಹಳೆಯ ಫುಟ್‌ಬಾಲ್ ಕ್ಲಬ್ಬು. ಉತ್ತರದ ಬಿಲ್ಬಾವೊ ನಗರದ ಕ್ಲಬ್ಬಿಗೆ ಇಂದಿಗೂ ಅಥ್ಲೆಟಿಕ್ ಎಂಬ ಇಂಗ್ಲಿಷ್ ಹೆಸರೇ ಇದೆ. ಆರಂಭದ ತರಬೇತುದಾರರಲ್ಲಿ ಹಲವರು ಇಂಗ್ಲಿಷರಾಗಿದ್ದರು. ಬಿಲ್ಬಾವೊ ತಂಡವನ್ನು 1920ರ ದಶಕದಲ್ಲಿ ಪಳಗಿಸಿದ ಫ್ರೆಡ್ ಪೆಂಟ್‌ಲೆಂಡ್ ಅವರಲ್ಲಿ ಹೆಸರಾದವರು. ಇಂದು ಸ್ಪೇನಿನ ಆಟಗಾರರು ತಮ್ಮ ತರಬೇತುದಾರ ಯಾವ ದೇಶದವನಾದರೂ ‘ಎಲ್ ಮೀಸ್ತೆರ್’ ಎಂದು ಕರೆಯುತ್ತಾರೆ. ಅಟ್ಲಾಂಟಿಕ್‌ನ ಆಚೆ ಅರ್ಜೆಂಟೀನಾದಲ್ಲಿ ರೈಲುಹಾದಿ ಹಾಕಲು, ದನದ ಮಾಂಸ ಸಾಗಿಸಲು, ಶಾಲೆ ನಡೆಸಲು ಹೋದ ಬ್ರಿಟಿಷರು ಬಿಟ್ಟ ಗುರುತುಗಳು ಇನ್ನೂ ಢಾಳಾಗಿವೆ. ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್, ಬೋಕಾ ಜೂನಿಯರ್ಸ್, ರೊಸಾರಿಯೊದ ನ್ಯೂವೆಲ್ಸ್ ಓಲ್ಡ್ ಬಾಯ್ಸ್, ಈ ಹೆಸರುಗಳನ್ನು ಅಲ್ಲಿನವರು ಅನುವಾದಿಸಲು ಹೋಗಲಿಲ್ಲ. ಲಿಯೊನೆಲ್ ಮೆಸ್ಸಿ ಬಾಲ್ಯದಲ್ಲಿ ಆಡಿದ್ದು ಈ ಕೊನೆಯ ಕ್ಲಬ್ಬಿನಲ್ಲಿ. 1903ರಲ್ಲಿ ಅದನ್ನು ಕಟ್ಟಿದವರು ಐಸಾಕ್ ನ್ಯೂವೆಲ್ ಎಂಬ ಇಂಗ್ಲಿಷ್ ಮೇಷ್ಟರ ಶಾಲೆಯ ಬಳಗದವರು. ಆಫ್‌ಸೈಡ್ ಎಂಬುದು ಅರ್ಜೆಂಟೀನಾದಲ್ಲಿ ಓರ್ಸೈ ಆಗಿ, ಆಟವನ್ನು ದಾಟಿ ದಿನನಿತ್ಯದ ಮಾತಿಗೂ ಇಳಿದಿದೆ: ಯಾರಾದರೂ ಅಚಾತುರ್ಯದಿಂದ ಸಿಕ್ಕಿಬಿದ್ದರೆ ‘ಓರ್ಸೈನಲ್ಲಿ ಸಿಕ್ಕ’ ಎನ್ನುತ್ತಾರೆ.

ಕ್ಯೂಬಾ, ಪೋರ್ಟೊ ರಿಕೊ, ವೆನೆಜುವೆಲಾ, ಡೊಮಿನಿಕನ್ ಗಣರಾಜ್ಯಗಳ ಆಟ ಬೇಸ್‌ಬಾಲ್. ಅದನ್ನು 19ನೆಯ ಶತಮಾನದ ನಡುವಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಓದಿ ಮರಳಿದ ಕ್ಯೂಬಾದ ಹುಡುಗರು ತಂದರು. 1874ರಲ್ಲಿ ಮತಾನ್ಸಾಸ್ ನಗರದ ಪಲ್ಮಾರ್ ದೆ ಹುಂಕೊ ಮೈದಾನದಲ್ಲಿ ನಡೆದ ಪಂದ್ಯ ಅಲ್ಲಿನ ಆಟದ ಚರಿತ್ರೆಯಲ್ಲಿ ಹೆಸರಾಗಿದೆ. ಹೋಮ್ ರನ್ ಎಂಬುದು ಹೊನ್ರೋನ್ ಆಯಿತು, ಹಿಟ್ ಎಂಬುದು ಹಿತ್, ಅಂಪೈರ್ ಎಂಬುದು ಅಂಪಾಯೆರ್. ಇವನ್ನು ಯಾವ ಪಂಡಿತನೂ ಕೂತು ಅಳವಡಿಸಿದ್ದಲ್ಲ. ಬಿಸಿಲಲ್ಲಿ ಆಡುವವರ ನಾಲಗೆ ಮಾಡಿದ ಕೆಲಸ ಅದು. ಆದುದರಿಂದಲೇ ಇಷ್ಟು ಅಚ್ಚುಕಟ್ಟಾಗಿದೆ.

ದಕ್ಷಿಣ ಅಮೆರಿಕದ ಬಂದರು, ಗಣಿಗಳಲ್ಲಿ ಇಂಥ ಪದಗಳು ಇನ್ನೂ ಹೇರಳ. ವಾಚ್‌ಮನ್ ಪೆರುವಿನಲ್ಲಿ ಗ್ವಚಿಮಾನ್. ಭಾರ ಎತ್ತುವ ಯಂತ್ರವಾದ ವಿಂಚ್, ಗೀಂಚೆ. ಕೊಳಾಯಿ ರಿಪೇರಿ ಮಾಡುವವನಿಗೆ ಚಿಲಿಯಲ್ಲಿ ಗಾಸ್ಫಿತೆರ್ ಎನ್ನುತ್ತಾರೆ. ಮನೆಗಳಿಗೆ ಅನಿಲದ ಕೊಳವೆ ಹಾಕುತ್ತಿದ್ದ ಗ್ಯಾಸ್ ಫಿಟ್ಟರನ ಹೆಸರದು. ಉಣ್ಣೆಯ ಜಂಪರ್ ಪೆರು, ಬೊಲಿವಿಯಾಗಳಲ್ಲಿ ಚೋಂಪಾ. ಲಂಚ್ ಎಂಬ ಒಂದೇ ಪದ ಮೆಕ್ಸಿಕೊದಲ್ಲಿ ಲೋಂಚೆ ಆಗಿ ಬುತ್ತಿ, ತಿಂಡಿ ಎಂಬ ಅರ್ಥ ಪಡೆದರೆ, ಪೆರುವಿನಲ್ಲಿ ಸಾಯಂಕಾಲದ ಚಹಾ-ತಿನಿಸಿನ ಹೊತ್ತಿಗೆ ಸರಿದಿದೆ. ಈ ಪದಗಳಲ್ಲಿ ಹೆಚ್ಚಿನವು ಮ್ಯಾಡ್ರಿಡ್ಡಿನ ಬೀದಿಯಲ್ಲಿ ಅರ್ಥವಾಗುವುದಿಲ್ಲ. ಸ್ಪ್ಯಾನಿಷಿನ ಮೇಲೆ ಇಂಗ್ಲಿಷಿನ ಪ್ರಭಾವ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ನಿಜದಲ್ಲಿ ಪ್ರತಿಯೊಂದು ನಾಡೂ ತನ್ನ ಚರಿತ್ರೆಗೆ ತಕ್ಕಂತೆ ಬೇರೆ ಬೇರೆ ಇಂಗ್ಲಿಷಿನಿಂದ, ಬೇರೆ ಬೇರೆ ಕಾಲದಲ್ಲಿ ಪಡೆದುಕೊಂಡಿದೆ. ಗಾಡಿ ನಿಲ್ಲಿಸುವುದಕ್ಕೆ ಸ್ಪೇನಿನವರು ಅಪರ್ಕಾರ್ ಎಂದರೆ ಕ್ಯೂಬಾ, ಕೊಲಂಬಿಯಾದವರು ಪರ್ಕೆಯಾರ್ ಎನ್ನುತ್ತಾರೆ. ಎರಡೂ ಇಂಗ್ಲಿಷಿನ ಪಾರ್ಕ್ ಪದದ ಮಕ್ಕಳೇ. ಮೆಕ್ಸಿಕೊ, ಅರ್ಜೆಂಟೀನಾಗಳು ಎರಡನ್ನೂ ಬಿಟ್ಟು ಎಸ್ತಸಿಯೊನಾರ್ ಎಂಬ ಸ್ವಂತ ಪದ ಬಳಸುತ್ತವೆ.

ಹೊರಗಿನ ಪದ ಒಳಗೆ ಬರಲು ಸ್ಪ್ಯಾನಿಷಿನಲ್ಲಿ ಕೆಲವು ಕಟ್ಟಳೆಗಳಿವೆ. ಸಕಾರದ ಹಿಂದೆಯೇ ಇನ್ನೊಂದು ವ್ಯಂಜನವಿರುವ ಒತ್ತಕ್ಷರದಿಂದ ಸ್ಪ್ಯಾನಿಷಿನಲ್ಲಿ ಪದ ಆರಂಭವಾಗುವುದಿಲ್ಲ. ಮುಂದೆ ಒಂದು ಎಕಾರ ಬೇಕು. ಸ್ಟ್ರೆಸ್ ಎಂಬುದು ಎಸ್ತ್ರೆಸ್, ಸ್ಟಾಂಡರ್ಡ್ ಎಂಬುದು ಎಸ್ತಾಂದರ್, ಸ್ಲೋಗನ್ ಎಂಬುದು ಎಸ್ಲೋಗನ್, ಸ್ಕ್ಯಾನರ್ ಎಂಬುದು ಎಸ್ಕಾನೆರ್. ನಮ್ಮ ಹಳ್ಳಿಗಳ ಇಸ್ಕೂಲು, ಇಸ್ಟೇಷನ್ನುಗಳಲ್ಲಿ ಇಕಾರ ಮಾಡುವ ಕೆಲಸವನ್ನೇ ಅಲ್ಲಿ ಎಕಾರ ಮಾಡುತ್ತದೆ. ಅಲ್ಲಿ ಅದು ಓದಿದವರ ಬರಹದಲ್ಲೂ ನಿಯಮ ಎಂಬುದಷ್ಟೇ ವ್ಯತ್ಯಾಸ. ಪದದ ಕೊನೆಯಲ್ಲಿ ವ್ಯಂಜನಗಳು ಗುಂಪುಗೂಡಿದ್ದರೆ ಒಂದನ್ನು ಉದುರಿಸುತ್ತಾರೆ. ಸ್ಟಾಂಡರ್ಡಿನ ಕೊನೆಯ ಡಕಾರ, ಬಾಯ್ಕಾಟಿನ ಇಮ್ಮಡಿ ಟಕಾರದಲ್ಲಿ ಒಂದು, ಹೀಗೆ ಹೋದವು.

ವ್ಯಾಕರಣದ ಕಡೆಯಿಂದ ನೋಡಿದರೆ ಪ್ರತಿ ನಾಮಪದಕ್ಕೂ ಲಿಂಗ ಬೇಕು. ಹೊಸದಾಗಿ ಬಂದವು ಬಹುಪಾಲು ಪುಲ್ಲಿಂಗಕ್ಕೆ ಸೇರುತ್ತವೆ. ಆದರೆ ಮೊಬೈಲಿನ ಆ್ಯಪ್ ಸ್ತ್ರೀಲಿಂಗ, ಏಕೆಂದರೆ ಅದೇ ಅರ್ಥದ ಸ್ಪ್ಯಾನಿಷ್ ಪದ ಸ್ತ್ರೀಲಿಂಗ. ಇಂಟರ್ನೆಟ್ಟಿನ ಲಿಂಗ ಯಾವುದೆಂದು ಇನ್ನೂ ಇತ್ಯರ್ಥವಾಗಿಲ್ಲ, ಎರಡೂ ನಡೆಯುತ್ತವೆ. ಕ್ರಿಯಾಪದಗಳಲ್ಲಂತೂ ಸ್ಪ್ಯಾನಿಷಿನ ಜೀವಂತಿಕೆ ಎದ್ದು ಕಾಣುತ್ತದೆ. ಅದರ ಕ್ರಿಯಾಪದಗಳು ಮೂರು ಗುಂಪಿನವು. ಎರವಲು ಬಂದವೆಲ್ಲ ‘ಆರ್’ ಎಂದು ಕೊನೆಯಾಗುವ ಮೊದಲ ಗುಂಪಿಗೇ ಸೇರುತ್ತವೆ, ಅದರಲ್ಲೂ ಹೆಚ್ಚಾಗಿ ‘ಎಯಾರ್’ ಎಂಬ ಬಾಲ ಹಚ್ಚಿಕೊಂಡು. ಚತೆಯಾರ್ ಎಂದರೆ ಚಾಟ್ ಮಾಡುವುದು, ಎಸ್ಕನೆಯಾರ್ ಎಂದರೆ ಸ್ಕ್ಯಾನ್ ಮಾಡುವುದು, ನೊಕೆಯಾರ್ ಎಂದರೆ ಮುಷ್ಟಿಯುದ್ಧದಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡವುವುದು, ತ್ವಿತೆಯಾರ್ ಎಂದರೆ ಟ್ವೀಟ್ ಮಾಡುವುದು. ವಾಟ್ಸಾಪ್ ಬಂದ ಕೆಲವೇ ವರ್ಷಗಳಲ್ಲಿ ಗ್ವಸಪೆಯಾರ್ ಹುಟ್ಟಿತು. ಕನ್ನಡದಲ್ಲಿ ಇಂಗ್ಲಿಷ್ ಪದಕ್ಕೆ ‘ಮಾಡು’ ಎಂಬ ಊರುಗೋಲು ಬೇಕು. ಸ್ಪ್ಯಾನಿಷಾದರೋ ಆ ಪದವನ್ನೇ ಕ್ರಿಯಾಪದವಾಗಿಸಿ ಕಾಲ, ಪುರುಷ, ವಚನಗಳ ಎಲ್ಲ ರೂಪಗಳನ್ನೂ ಅದಕ್ಕೆ ತೊಡಿಸುತ್ತದೆ.

ಇಂಗ್ಲಿಷಿನ ತುಂಡುಗಳನ್ನೇ ಹಿಡಿದು ಇಂಗ್ಲಿಷಿನಲ್ಲಿ ಇಲ್ಲದ ಪದಗಳನ್ನು ಮಾಡಿಕೊಂಡದ್ದೂ ಉಂಟು. ಸ್ಪ್ಯಾನಿಷಿನಲ್ಲಿ ಪ್ವೆಂತೆ ಎಂದರೆ ಸೇತುವೆ. ಹಗ್ಗ ಕಟ್ಟಿಕೊಂಡು ಸೇತುವೆಯಿಂದ ಧುಮುಕುವ ಸಾಹಸಕ್ಕೆ ಪ್ವೆಂತಿಂಗ್ ಎಂಬ ಹೆಸರು ಬಂತು. ಪ್ರವಾಸಿಗರು ಹೋಟೆಲಿನ ಬಾಲ್ಕನಿಯಿಂದ ಈಜುಕೊಳಕ್ಕೆ ಹಾರಿ ಪ್ರಾಣ ಕಳೆದುಕೊಳ್ಳುವ ದುರಂತಗಳು ಮಯೋರ್ಕಾ ದ್ವೀಪದಲ್ಲಿ ಹೆಚ್ಚಿದಾಗ ಪತ್ರಿಕೆಗಳು ಅದನ್ನು ಬಲ್ಕೋನಿಂಗ್ ಎಂದವು. ಇಂಗ್ಲಿಷಿನ ಪ್ರತ್ಯಯ ಸ್ಪ್ಯಾನಿಷ್ ಬೇರಿಗೆ ಅಂಟಿಕೊಂಡಿತೆಂದರೆ ಅದು ಎರವಲಿನ ಹಂತವನ್ನು ದಾಟಿತು ಎಂದೇ ಅರ್ಥ.

ಎದ್ದು ಕಾಣುವ ಈ ಪದಗಳ ಬಗ್ಗೆಯೇ ಗದ್ದಲ ಹೆಚ್ಚು. ಆದರೆ ಆಳವಾದ ಪ್ರಭಾವ ಇರುವುದು ಕಾಣದ ಕಡೆ, ಸ್ಪ್ಯಾನಿಷ್ ವೇಷದಲ್ಲೇ ಬಂದ ಇಂಗ್ಲಿಷಿನಲ್ಲಿ. ಆಕಾಶವನ್ನು ಕೆರೆಯುವ ಕಟ್ಟಡ ಎಂಬ ಕಲ್ಪನೆ ಇಂಗ್ಲಿಷಿನದು, ರಸ್ಕಸ್ಯೇಲೊಸ್ ಎಂಬ ಪದ ಪೂರ್ತಿ ಸ್ಪ್ಯಾನಿಷು. ಇದರಿಂದ ಯಾರಿಗೂ ತೊಂದರೆಯಿಲ್ಲ, ಭಾಷೆ ಸಿರಿವಂತವಾಗಿದೆ. ವೈಜ್ಞಾನಿಕ ಕಾದಂಬರಿಗಳಿಗೆ ಸಲ್ಲುವ ಸ್ಯೇನ್ಸಿಯಾ ಫಿಕ್ಸ್ಯೋನ್ ಎಂಬುದು ಸ್ಪ್ಯಾನಿಷಿನ ಪದಕ್ರಮವನ್ನು ಮುರಿದು ಇಂಗ್ಲಿಷಿನ ಕ್ರಮವನ್ನೇ ಹಿಡಿದಿದೆ. ಅದೂ ಈಗ ರೂಢಿಯಾಗಿದೆ. ಅರ್ಥ ಜಾರುವುದು ಇದಕ್ಕಿಂತ ಸೂಕ್ಷ್ಮ. ಇಗ್ನೊರಾರ್ ಎಂದರೆ ಮೂಲದಲ್ಲಿ ‘ತಿಳಿಯದಿರು’. ಇಂಗ್ಲಿಷಿನ ಸೆಳೆತದಿಂದ ‘ಲಕ್ಷ್ಯ ಮಾಡದಿರು’ ಎಂಬ ಅರ್ಥ ಮುಂದೆ ಬಂದಿದೆ. ಎವೆಂತ್ವಲ್ಮೆಂತೆ ಎಂದರೆ ‘ಹಾಗೊಂದು ಸಂದರ್ಭ ಬಂದರೆ’. ಇಂಗ್ಲಿಷ್ ಬಲ್ಲವರು ಅದನ್ನು ‘ಕೊನೆಗೆ’ ಎಂದು ಬಳಸತೊಡಗಿದ್ದಾರೆ. ಒಪ್ಪಂದದ ಪತ್ರದಲ್ಲೋ ವೈದ್ಯರ ಸಲಹೆಯಲ್ಲೋ ಈ ಎರಡರ ನಡುವಿನ ಅಂತರ ಸಣ್ಣದಲ್ಲ. ಬಿಡಿಪದಗಳಿಗೆ ಹೆದರುವ ಶುದ್ಧತಾವಾದಿಗಳು ಎಚ್ಚರ ವಹಿಸಬೇಕಾದ ಜಾಗ ಇದು. ಪನಾಮಾದ ರಿಕಾರ್ದೊ ಅಲ್ಫಾರೊ ಇದನ್ನು ಬಹಳ ಹಿಂದೆಯೇ ಕಂಡವರು. 1931-32ರಲ್ಲಿ ಆ ದೇಶದ ಅಧ್ಯಕ್ಷರೂ ಆಗಿದ್ದ ಅವರು, ಕಾಲುವೆಯ ವಲಯದಲ್ಲಿ ಅಮೆರಿಕನ್ನರ ಆಡಳಿತ ನಡೆಯುತ್ತಿದ್ದ ದಿನಗಳಲ್ಲಿ, 1950ರಲ್ಲಿ, ಇಂಗ್ಲಿಷ್ ಪ್ರಯೋಗಗಳ ಒಂದು ದೊಡ್ಡ ನಿಘಂಟನ್ನೇ ಹೊರತಂದರು.

ಭಾಷೆಯ ಕಾವಲಿಗೆ ಒಂದು ಸಂಸ್ಥೆಯೂ ಇದೆ. ಮ್ಯಾಡ್ರಿಡ್ಡಿನ ರಾಜ ಅಕಾಡೆಮಿ ಸ್ಥಾಪನೆಯಾದದ್ದು 1713ರಲ್ಲಿ. ಇಂದು ಬೇರೆ ಬೇರೆ ನಾಡುಗಳ 23 ಸ್ಪ್ಯಾನಿಷ್ ಅಕಾಡೆಮಿಗಳು ಒಟ್ಟುಗೂಡಿ ನಿಘಂಟು ರೂಪಿಸುತ್ತವೆ. ಒಳ್ಳೆಯ ಸ್ಪ್ಯಾನಿಷ್ ಪದವಿದ್ದರೆ ಅದನ್ನೇ ಬಳಸಿ, ಇಲ್ಲವಾದರೆ ಕಾಗುಣಿತವನ್ನು ನಮ್ಮ ಉಚ್ಚಾರಕ್ಕೆ ತನ್ನಿ, ಅದೂ ಆಗದಿದ್ದರೆ ಓರೆ ಅಕ್ಷರಗಳಲ್ಲಿ ಮೂಲದಂತೆಯೇ ಬರೆಯಿರಿ ಎಂಬುದು ಅಕಾಡೆಮಿಯ ಸಲಹೆ. ಈ ಸಲಹೆ ಕೆಲವೊಮ್ಮೆ ಗೆದ್ದಿದೆ, ಕೆಲವೊಮ್ಮೆ ಸೋತಿದೆ. ವಿಸ್ಕಿಗೆ ಮೊದಲು ಗ್ವೀಸ್ಕಿ ಎಂಬ ಕಾಗುಣಿತ ಕೊಟ್ಟರು, 2010ರಲ್ಲಿ ಇನ್ನೊಂದನ್ನು ಸೂಚಿಸಿದರು. ಬಾಟಲಿಯ ಮೇಲೆ ದಿನವೂ ಇಂಗ್ಲಿಷ್ ಕಾಗುಣಿತ ಕಾಣುವ ಜನ ಎರಡನ್ನೂ ಅಷ್ಟಾಗಿ ಒಪ್ಪಲಿಲ್ಲ. ಪತ್ರಕರ್ತ ಮರಿಯಾನೊ ದೆ ಕಾವಿಯಾ 1908ರಲ್ಲಿ ಫುಟ್‌ಬಾಲಿಗೆ ಬಲೊಂಪಿಯೆ ಎಂಬ ಅಚ್ಚ ಸ್ಪ್ಯಾನಿಷ್ ಪದ ಬರಲಿ ಎಂದು ವಾದಿಸಿದರು. ಅದು ಸೆವಿಲ್ಯಾದ ರೆಯಾಲ್ ಬೇತಿಸ್ ಬಲೊಂಪಿಯೆಯಂಥ ಕೆಲವು ಕ್ಲಬ್ಬುಗಳ ಹೆಸರಿನಲ್ಲಿ ಉಳಿಯಿತು, ಜನರ ಬಾಯಲ್ಲಿ ಫೂತ್ಬೊಲ್ ಎಂಬುದೇ ನಿಂತಿತು. ಇದೇ ಬಗೆಯಲ್ಲಿ ಕಟ್ಟಿದ ಬಲೊನ್ಸೆಸ್ತೊ, ಅಂದರೆ ಬುಟ್ಟಿಚೆಂಡು, ಸ್ಪೇನಿನಲ್ಲಿ ಸುಖವಾಗಿ ಬೇರೂರಿತು. ಒಂದು ಪದ ಜನರ ನಾಲಗೆಯಲ್ಲಿ ಬಲಿಯುವ ಮೊದಲೇ ಪರ್ಯಾಯ ಸಿಕ್ಕರೆ ಅದು ನಿಲ್ಲುವ ಅವಕಾಶ ಹೆಚ್ಚು. ಸುದ್ದಿಸಂಸ್ಥೆ ಎಫೆಯ ಆಸರೆಯಲ್ಲಿ 2005ರಲ್ಲಿ ಹುಟ್ಟಿದ ಫುಂದೇವು ಪ್ರತಿಷ್ಠಾನ ಪತ್ರಕರ್ತರಿಗೆ ದಿನವೂ ಭಾಷೆಯ ಸಲಹೆ ಕೊಡುತ್ತಿರುವುದು ಇದೇ ಕಾರಣಕ್ಕೆ. ಸೆಲ್ಫಿಗೆ ಸ್ಪ್ಯಾನಿಷ್ ಕಾಗುಣಿತ ಕೊಟ್ಟು, ಅದನ್ನೇ 2014ರ ವರ್ಷದ ಪದವಾಗಿ ಆ ಪ್ರತಿಷ್ಠಾನ ಆರಿಸಿತು.

ಬಲವಂತದ ದಾರಿಯನ್ನೂ ಸ್ಪೇನ್ ಕಂಡಿದೆ. ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ 1940ರ ಮೇ ತಿಂಗಳಲ್ಲಿ ಅಂಗಡಿಯ ಫಲಕ, ಸರಕಿನ ಹೆಸರುಗಳಲ್ಲಿ ವಿದೇಶಿ ಪದಗಳನ್ನು ನಿಷೇಧಿಸಿತು. ಬಿಲ್ಬಾವೊದ ಅಥ್ಲೆಟಿಕ್ ಮರುವರ್ಷ ಅತ್ಲೇತಿಕೊ ಆಗಬೇಕಾಯಿತು. 1970ರ ದಶಕದಲ್ಲಿ ಕ್ಲಬ್ಬು ತನ್ನ ಹಳೆಯ ಹೆಸರನ್ನು ಮರಳಿ ಪಡೆಯಿತು. ಅಚ್ಚರಿಯೆಂದರೆ ಇಂಗ್ಲಿಷಿನ ನೇರ ಪ್ರವಾಹ ಸ್ಪೇನಿಗೆ ನುಗ್ಗಿದ್ದೂ ಇದೇ ಫ್ರಾಂಕೊನ ಕಾಲದಲ್ಲಿ: 1953ರ ಒಪ್ಪಂದದಂತೆ ಅಮೆರಿಕದ ಸೇನಾನೆಲೆಗಳು ಬಂದವು, ಹಿಂದೆಯೇ ಹಣ, ಸಿನಿಮಾ, ಪ್ರವಾಸಿಗರು ಬಂದರು. ಆಜ್ಞೆ ಹೊರಡಿಸಿ ಪದಗಳನ್ನು ತಡೆಯಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಜಾಹೀರಾತಿನ ಇಂಗ್ಲಿಷ್ ಬೇರೆಯದೇ ಜಾತಿ. ಅದು ಅಗತ್ಯಕ್ಕಾಗಿ ಬಂದುದಲ್ಲ, ಥಳುಕಿಗಾಗಿ ಬಂದದ್ದು. ಇದನ್ನು ತೋರಿಸಲು ಅಕಾಡೆಮಿ 2016ರಲ್ಲಿ ಜಾಹೀರಾತು ವೃತ್ತಿಯವರ ಸಂಸ್ಥೆಯೊಂದರ ಜೊತೆ ಸೇರಿ ಇಲ್ಲದ ಸರಕುಗಳಿಗೆ ಪ್ರಚಾರ ಕೊಟ್ಟಿತು. ಸ್ವೈನ್ ಎಂಬ ಸುಗಂಧದ್ರವ್ಯ ಅವುಗಳಲ್ಲೊಂದು. ಇಂಗ್ಲಿಷಿನಲ್ಲಿ ಆ ಪದಕ್ಕೆ ಹಂದಿ ಎಂದರ್ಥ. ಹೆಸರಿನ ಬೆಡಗಿಗೆ ಮಾರುಹೋಗಿ ಮಾದರಿ ತರಿಸಿಕೊಂಡವರಿಗೆ ಹಂದಿಯ ವಾಸನೆಯೇ ಸಿಕ್ಕಿತು. ಇನ್ನೊಂದು, ‘ಬ್ಲೈಂಡ್ ಎಫೆಕ್ಟ್’ ಇರುವ ತಂಪು ಕನ್ನಡಕ. ಹಾಕಿಕೊಂಡರೆ ಏನೂ ಕಾಣುತ್ತಿರಲಿಲ್ಲ. ಕೊಳ್ಳುವವನಿಗೆ ಅರ್ಥವಾಗದ ಭಾಷೆಯಲ್ಲಿ ಮಾರುವುದು ಅವನಿಗೆ ಮಾಡುವ ಅನ್ಯಾಯ ಎಂಬ ಅಕಾಡೆಮಿಯ ನಿಲುವು ಇಲ್ಲಿ ಪೂರ್ತಿ ಸರಿ.

ಕಂಪ್ಯೂಟರಿನ ಪದಗಳಲ್ಲಿ ಅಟ್ಲಾಂಟಿಕ್‌ನ ಎರಡು ದಂಡೆಗಳು ಮತ್ತೆ ಬೇರೆ ಬೇರೆ ದಾರಿ ಹಿಡಿದವು. ಸ್ಪೇನ್ ಫ್ರೆಂಚನ್ನು ನೋಡಿ ಓರ್ದೆನದೋರ್ ಎಂದಿತು, ಅಮೆರಿಕದ ನಾಡುಗಳು ಇಂಗ್ಲಿಷನ್ನು ನೋಡಿ ಕೊಂಪುತದೋರಾ ಎಂದವು. ಮೌಸಿಗೆ ಸ್ಪೇನಿನಲ್ಲಿ ಇಲಿ ಎಂಬರ್ಥದ ರತೋನ್ ಸಾಕಾಯಿತು, ಅಮೆರಿಕದ ಬಹುಕಡೆ ಮೌಸ್ ಎಂದೇ ಹೇಳುತ್ತಾರೆ.

ಎರಡು ಭಾಷೆಗಳೂ ಒಂದೇ ಮನೆಯಲ್ಲಿ ಇರುವ ಕಡೆ ಎರವಲು ಎಂಬ ಮಾತೇ ಬೇರೆ ರೂಪ ತಾಳುತ್ತದೆ. ಪೋರ್ಟೊ ರಿಕೊ 1898ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಆಡಳಿತದಲ್ಲಿದೆ. 1991ರಲ್ಲಿ ಆ ದ್ವೀಪ ಸ್ಪ್ಯಾನಿಷನ್ನೊಂದೇ ಆಡಳಿತ ಭಾಷೆಯೆಂದು ಘೋಷಿಸಿದಾಗ ಸ್ಪೇನ್ ಅಲ್ಲಿನ ಜನತೆಗೆ ಪ್ರಿನ್ಸ್ ಆಫ್ ಆಸ್ಟುರಿಯಸ್ ಸಾಹಿತ್ಯ ಪ್ರಶಸ್ತಿ ಕೊಟ್ಟಿತು. ಎರಡೇ ವರ್ಷಗಳಲ್ಲಿ ಇಂಗ್ಲಿಷೂ ಮರಳಿ ಆಡಳಿತಕ್ಕೆ ಬಂತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರ ಸಂಖ್ಯೆ 4 ಕೋಟಿಗೂ ಹೆಚ್ಚು. ಅವರ ಮಾತಿನಲ್ಲಿ ಟ್ರಕ್ಕು ತ್ರೋಕಾ ಆಗಿದೆ. ಸ್ಪ್ಯಾನಿಷಿನಲ್ಲಿ ಕಡತದ ಕೋಶಕ್ಕೆ ಹೇಳುವ ಕರ್ಪೇತಾ ಇಲ್ಲಿ ನೆಲಹಾಸಾಗಿದೆ, ಪುಸ್ತಕದಂಗಡಿ ಎಂಬರ್ಥದ ಲಿಬ್ರೆರೀಯಾ ಗ್ರಂಥಾಲಯವಾಗಿದೆ. ತಿರುಗಿ ಫೋನ್ ಮಾಡುತ್ತೇನೆ ಎನ್ನಲು ‘ಹಿಂದಕ್ಕೆ ಕರೆಯುತ್ತೇನೆ’ ಎಂದು ಇಂಗ್ಲಿಷಿನ ಎರಕದಲ್ಲೇ ಹೇಳುತ್ತಾರೆ. ಪೋರ್ಟೊ ರಿಕೊದ ಲೇಖಕ ಸಾಲ್ವದೋರ್ ತಿಯೊ 1948ರಲ್ಲಿ ಈ ಬಗೆಯ ಮಾತಿಗೆ ಎಸ್ಪಾಂಗ್ಲಿಷ್ ಎಂದು ಹೆಸರಿಟ್ಟಾಗ ಅವರ ದನಿಯಲ್ಲಿದ್ದದ್ದು ಆತಂಕ. ಅರ್ಧ ಶತಮಾನದ ಬಳಿಕ, 2002ರಲ್ಲಿ, ಮೆಕ್ಸಿಕೊ ಮೂಲದ ವಿದ್ವಾಂಸ ಇಲಾನ್ ಸ್ತಾವಾನ್ಸ್ ದೊನ್ ಕಿಹೋತೆ ಕಾದಂಬರಿಯ ಮೊದಲ ಅಧ್ಯಾಯವನ್ನು ಅದೇ ಮಾತಿಗೆ ತಂದು, ಇದು ವಲಸಿಗರ ಬದುಕಿನ ನುಡಿ ಎಂದು ಎತ್ತಿಹಿಡಿದರು. ಆ ಪದವನ್ನು 2014ರ ತನ್ನ ನಿಘಂಟಿಗೆ ಸೇರಿಸಿಕೊಳ್ಳಲು ಹೊರಟ ಅಕಾಡೆಮಿ, ಎರಡೂ ಭಾಷೆಗಳ ಅಂಶಗಳನ್ನು ‘ವಿರೂಪಗೊಳಿಸಿ’ ಬೆರೆಸುವ ಮಾತು ಎಂದು ಮೊದಲು ವಿವರಿಸಿತ್ತು. ಅಮೆರಿಕದಲ್ಲಿ ನೆಲೆಸಿದ ಸ್ಪ್ಯಾನಿಷ್ ವಿದ್ವಾಂಸರು ಆಕ್ಷೇಪಿಸಿದ ಮೇಲೆ ಆ ಒಂದು ಪದವನ್ನು ವಿವರಣೆಯಿಂದ ತೆಗೆದುಹಾಕಿತು.